ಒಂದೇ ರಿಂಗಿನ ನಂಬರು

ಹೈದರಾಬಾದಿನ ಮಲ್ಕಾಜ್‌ಗಿರಿಯ ನಮ್ಮ ಮನೆಯ ಮೇಲಿನ ಮಹಡಿಯಲ್ಲಿರುವ ಹುಡುಗಿಗೆ ಹೋದ ತಿಂಗಳು ಮೊಬೈಲ್ ಕಂಪನಿಯೊಂದರ ಷೋರೂಮಿನಲ್ಲಿ ಕೆಲಸ ಸಿಕ್ಕಿತು. ಪೇಡೆ ಕೊಡಲು ಬಂದವಳು, "ಆಂಟೀ, ನೀವೂ ಇದೇ ಕೆಲಸದಲ್ಲಿದ್ದು ರಿಟೈರ್ ಆದವರಂತೆ. ಯಾವ ನೆಟ್‌ವರ್ಕ್ ಒಳ್ಳೇದು ಅಂತ ಯಾರಾದರೂ ಕೇಳಿದರೆ ಏನು ಹೇಳಬೇಕು?" ಅಂದಳು. ನನಗೆ ನಗು ಬಂತು. ಕೌಂಟರಿನ ಹಿಂದೆ ಕಳೆದ ಅಷ್ಟೂ ವರ್ಷಗಳಲ್ಲಿ ನನ್ನ ಹೆಸರು ಕೇಳಿದವರಿಗಿಂತ ಈ ಪ್ರಶ್ನೆ ಕೇಳಿದವರೇ ಹೆಚ್ಚು. ಯಾವ ಅಳಿಯ ಒಳ್ಳೆಯವನು ಅಂತ ಕೇಳಿದರೆ ಏನು ಹೇಳುವುದು? ಮಗಳು ಎಂಥವಳು ಅಂತ ಮೊದಲು ಗೊತ್ತಾಗಬೇಕಲ್ಲ! ಆಮೇಲೆ ಹೇಳ್ತೀನಿ ಅಂತ ಅವಳನ್ನು ಕಳಿಸಿದೆ. ಹೇಳಬೇಕಾದದ್ದು ಒಂದು ಪೇಡೆ ತಿನ್ನುವಷ್ಟರಲ್ಲಿ ಮುಗಿಯುವಂಥದ್ದಲ್ಲ ಅನ್ನಿಸಿ ಬರೆಯಲು ಕೂತಿದ್ದೇನೆ.

ನಮ್ಮ ತಂದೆ ರೈಲ್ವೆಯವರು, ವಾಡಿ ಕಡೆಯವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಬಸ್ಸು ಹತ್ತಿದರೆ ಹಿಂದಿ. ನಾನು ಮೊದಲು ಕೂತದ್ದು ಎಸ್‌ಟಿಡಿ ಬೂತಿನಲ್ಲಿ. ಊರ ತುಂಬ ಸಾಫ್ಟ್‌ವೇರ್ ಕಂಪನಿಗಳು ಎದ್ದು, ಎಲ್ಲರ ಸೊಂಟಕ್ಕೂ ಒಂದೊಂದು ಫೋನು ಬಂದು ಕೂತಾಗ ನಮ್ಮ ಬೂತಿನಲ್ಲಿ ನೊಣ ಹೊಡೆಯುವ ಕೆಲಸ ಮಾತ್ರ ಉಳಿಯಿತು. ಬೂತು ಮುಚ್ಚಿ ಕೂಕಟ್‌ಪಲ್ಲಿಯ ಮೊಬೈಲ್ ಷೋರೂಮಿಗೆ ಸೇರಿಕೊಂಡೆ. ಮುಂದೆ ಬಡ್ತಿ ಬಂದದ್ದೂ ಉಂಟು. ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಕುರ್ಚಿಗೆ ಚಕ್ರ ಬಂತು, ಅಷ್ಟೆ.

ನಮ್ಮ ಮ್ಯಾನೇಜರು ಪ್ರಸಾದ್ ಗಾರು, ನಮ್ಮ ಮಾತಿನಲ್ಲಿ ಪ್ರಸಾದ್ ಅವರು. ಎಲ್ಲ ಹೆಣ್ಣುಮಕ್ಕಳನ್ನೂ 'ತಲ್ಲೀ' ಅನ್ನುತ್ತಿದ್ದರು. ತೆಲುಗಿನಲ್ಲಿ ಹಾಗೆಂದರೆ ತಾಯಿ. ಬೈಯುವಾಗಲೂ ತಾಯಿಯೇ. "ಬುದ್ಧಿ ಇದೆಯಾ ತಲ್ಲೀ?" ಎಂದು ಅವರು ಕೇಳುವ ರೀತಿಗೆ ಕೋಪ ಮಾಡಿಕೊಳ್ಳುವುದೋ ಆಶೀರ್ವಾದ ಅಂದುಕೊಳ್ಳುವುದೋ ತಿಳಿಯುತ್ತಿರಲಿಲ್ಲ. ಗಿರಾಕಿಗಳಿಗೆ ಅವರು ಕುರ್ಚಿ ಹಾಕಗೊಡುತ್ತಿರಲಿಲ್ಲ. "ಕೂತ ಗಿರಾಕಿ ಯೋಚನೆ ಮಾಡ್ತಾನೆ, ನಿಂತ ಗಿರಾಕಿ ಸಹಿ ಮಾಡ್ತಾನೆ" ಎನ್ನುವುದು ಅವರ ಸಿದ್ಧಾಂತ. ಇನ್ನೊಂದು ಸಿದ್ಧಾಂತವೂ ಇತ್ತು: ಗಿರಾಕಿ ಬಾಯಿ ತೆರೆಯುವ ಮೊದಲು ನಾವು ತೆರೆಯಬೇಕು. ರಸ್ತೆಯ ಆಚೆ ಬದಿಗೇ ನಮ್ಮ ಎದುರಾಳಿ ಕಂಪನಿಯ ಷೋರೂಮು ಇತ್ತು. ನಾವು ಬಾಯಿ ಮುಚ್ಚಿದರೆ ಗಿರಾಕಿ ರಸ್ತೆ ದಾಟುತ್ತಾನೆ ಎಂಬ ಭಯ ಅವರಿಗೆ.

ಅದೇ ಪ್ರಕಾರ ಮೊದಮೊದಲು ನಾನೂ ಪ್ಲಾನುಗಳನ್ನು ಸಹಸ್ರನಾಮದ ಹಾಗೆ ಒಪ್ಪಿಸುತ್ತಿದ್ದೆ. ಒಂದು ದಿನ ವಯಸ್ಸಾದ ಯಜಮಾನರೊಬ್ಬರು ಬಂದು ನಿಂತರು. ಲೋಕಲ್ ಕಾಲು, ಎಸ್‌ಟಿಡಿ, ರೋಮಿಂಗು, ಮೆಸೇಜು ಎಲ್ಲ ಉಸಿರು ಬಿಡದೆ ಹೇಳಿ ಮುಗಿಸಿದೆ. ಅವರು ಸಮಾಧಾನದಿಂದ ಪೂರ್ತಿ ಕೇಳಿಸಿಕೊಂಡು, "ಎಲ್ಲಾ ಚೆನ್ನಾಗಿದೆಯಮ್ಮ. ನಮ್ಮಾಕೆಗೆ ಕಿವಿ ಮಂದ. ಯಾವ ಕಂಪನಿಯ ರಿಂಗು ಜೋರಾಗಿ ಕೇಳುತ್ತೆ?" ಎಂದರು. ರಿಂಗು ಕಂಪನಿಯದಲ್ಲ, ಫೋನಿನದು ಎಂದು ತಿಳಿಸಿ, ಜೋರು ಮಾಡುವ ಬಟನ್ ತೋರಿಸಿದೆ. ಆಶೀರ್ವಾದ ಮಾಡಿ ಹೊರಟುಹೋದರು. ಅಷ್ಟು ಹೊತ್ತು ಗಂಟಲು ಒಣಗಿಸಿಕೊಂಡಿದ್ದು ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು. ಆವತ್ತಿನಿಂದ ನಾನು ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ನೀವು ಯಾರ ಜೊತೆ ಜಾಸ್ತಿ ಮಾತಾಡ್ತೀರಿ?"

ಆಗೆಲ್ಲ ಒಂದೇ ಕಂಪನಿಯ ಒಳಗಿನ ಕರೆ ಅಗ್ಗ, ಬೇರೆ ಕಂಪನಿಗೆ ತುಟ್ಟಿ. ಆದ್ದರಿಂದ ಅದು ವ್ಯಾಪಾರಕ್ಕೆ ಬೇಕಾದ ಪ್ರಶ್ನೆಯೇ. ಆದರೆ ಬರುತ್ತಿದ್ದ ಉತ್ತರಗಳು ವ್ಯಾಪಾರದವಲ್ಲ. ಗಂಡ "ಆಫೀಸಿಗೆ" ಎಂದರೆ ಪಕ್ಕದಲ್ಲಿ ನಿಂತ ಹೆಂಡತಿ "ಅವರ ಅಕ್ಕನಿಗೆ" ಎಂದು ತಿದ್ದುತ್ತಿದ್ದಳು. ಕೆಲವರು ಕತ್ತು ತಗ್ಗಿಸಿ ನಗುತ್ತಿದ್ದರು. ಅಂಥವರಿಗೆ ಆ ಹುಡುಗಿ ಯಾವ ಕಂಪನಿಯವಳು ಎಂದಷ್ಟೇ ಕೇಳುತ್ತಿದ್ದೆ, ಹೆಸರು ಕೇಳುತ್ತಿರಲಿಲ್ಲ. ಈ ಕೆಲಸಕ್ಕೆ ಬರುವವರು ಇದೊಂದನ್ನು ನೆನಪಿಡಬೇಕು. ಯಾರ ಗುಟ್ಟೂ ಕೌಂಟರ್ ದಾಟಿ ಈಚೆ ಬರಬಾರದು.

ಕೂಕಟ್‌ಪಲ್ಲಿಯ ಒಂದು ಫ್ಲಾಟಿನಲ್ಲಿ ನಾಲ್ವರು ಸಾಫ್ಟ್‌ವೇರ್ ಹುಡುಗರಿದ್ದರು. ಒಬ್ಬೊಬ್ಬರದು ಒಂದೊಂದು ಮೊಬೈಲ್ ಕಂಪನಿ. ನಾಲ್ವರೂ ಒಟ್ಟಿಗೆ ಬಂದು, "ಮೇಡಂ, ನಮ್ಮ ಯಾರಿಗೂ ಸಿಗ್ನಲ್ ಬರಲ್ಲ, ಎಲ್ಲರೂ ನಿಮ್ಮ ಕಂಪನಿಗೆ ಬಂದುಬಿಡ್ತೀವಿ" ಎಂದಾಗ ಪ್ರಸಾದ್ ಗಾರು ಕಣ್ಣಲ್ಲೇ ನಾಲ್ಕು ಸಹಿ ಎಣಿಸಿಬಿಟ್ಟರು. ನಾನು ಪರೀಕ್ಷೆಗೆ ಇಟ್ಟುಕೊಂಡಿದ್ದ ಫೋನು ಹಿಡಿದು ಅವರ ಮನೆಗೆ ಹೋದೆ. ನೋಡಿದರೆ ಬಾಲ್ಕನಿಯಲ್ಲಿ ಮಲಗುವವನ ಕಂಪನಿಗೆ ಸಿಗ್ನಲ್ ಸಿಗುವುದು ಅಡುಗೆ ಮನೆಯಲ್ಲಿ, ಅಡುಗೆ ಮನೆಯ ಪಕ್ಕದವನದು ಬಾಲ್ಕನಿಯಲ್ಲಿ. ನಮ್ಮ ಕಂಪನಿಯದು ಬಚ್ಚಲಿನಲ್ಲಿ ಮಾತ್ರ. "ಕಂಪನಿ ಬದಲಿಸಬೇಡ್ರಪ್ಪಾ, ಮಂಚ ಬದಲಿಸಿಕೊಳ್ಳಿ" ಎಂದು ಹೇಳಿ ಬಂದೆ. ಪ್ರಸಾದ್ ಗಾರು ಆವತ್ತು ನನ್ನನ್ನು ಎಷ್ಟು ಸಲ ತಲ್ಲೀ ಅಂದರೋ! ಆದರೆ ಆ ಹುಡುಗರು ಆಮೇಲೆ ತಮ್ಮ ಆಫೀಸಿನವರನ್ನೆಲ್ಲ ನಮ್ಮಲ್ಲಿಗೇ ಕಳಿಸಿದರು. ಅದಕ್ಕೆ ಶಹಬ್ಬಾಸ್‌ಗಿರಿ ಸಿಕ್ಕಿದ್ದು ಮಾತ್ರ ಪ್ರಸಾದ್ ಗಾರಿಗೆ.

ಪ್ರಸಾದ್ ಗಾರು ಎಡವಿದ್ದೂ ಉಂಟು. ಒಂದು ಹಬ್ಬಕ್ಕೆ ಗಿರಾಕಿಗಳಿಗೆ ಉಚಿತವಾಗಿ ಕಾಲರ್ ಟ್ಯೂನ್ ಹಾಕಿಸಿಬಿಟ್ಟರು. ಫೋನು ಮಾಡಿದವರಿಗೆ ಟ್ರಿಣ್ ಟ್ರಿಣ್ ಬದಲು ಹಾಡು ಕೇಳುವ ಏರ್ಪಾಡು ಅದು. ಹೈದರಾಬಾದಿಗೆ ನಮ್ಮ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ಮಿಸ್ಡ್ ಕಾಲಿನಲ್ಲೇ ಸಂಸಾರ ನಡೆಸುತ್ತಿದ್ದ ಕಾಲ. ಒಂದು ರಿಂಗು ಕೊಟ್ಟು ಕಟ್ ಮಾಡಿದರೆ ನೀನೇ ಫೋನು ಮಾಡು ಅಂತ, ಎರಡು ಕೊಟ್ಟರೆ ಮುಟ್ಟಿದೆವು ಅಂತ. ಹಾಡಿನಲ್ಲಿ ಒಂದು ಯಾವುದು, ಎರಡು ಯಾವುದು? ಮಾರನೆಯ ದಿನ ನಮ್ಮ ಬಾಗಿಲಲ್ಲಿ ಜಾತ್ರೆ. ಟ್ಯೂನುಗಳನ್ನು ಒಂದೊಂದಾಗಿ ತೆಗೆದು ನನ್ನ ಹೆಬ್ಬೆರಳು ಊದಿಕೊಂಡಿತು.

ಕೆಲವು ವರ್ಷದ ನಂತರ ನಮ್ಮಿಬ್ಬರನ್ನೂ ಲಿಂಗಂಪಲ್ಲಿಯ ಹೊಸ ಷೋರೂಮಿಗೆ ಹಾಕಿದರು. ಅಲ್ಲೂ ರಸ್ತೆಯ ಆಚೆ ಅದೇ ಎದುರಾಳಿ ಕಂಪನಿ. ಅಲ್ಲಿಗೆ ಬಂದವಳು ಶರಣಮ್ಮ. ಇಷ್ಟು ಹೊತ್ತು ನಾನು ಹೇಳಿದ್ದೆಲ್ಲ ಒಗ್ಗರಣೆ. ಅವಳ ಕಥೆ ಹೇಳಬೇಕೆಂದೇ ನಾನು ಪೆನ್ನು ಹಿಡಿದದ್ದು.

ಸೇಡಂ ಕಡೆಯ ಹೆಣ್ಣುಮಗಳು, ಇಪ್ಪತ್ತೈದರ ಒಳಗಿನ ವಯಸ್ಸು. ಸ್ಟೇಷನ್ನಿನ ಹಿಂದೆ ಏಳುತ್ತಿದ್ದ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಗಂಡ ಸೆಂಟ್ರಿಂಗ್ ಕೆಲಸಕ್ಕೆ, ಇವಳು ಸಿಮೆಂಟಿನ ಬುಟ್ಟಿ ಹೊರುವುದಕ್ಕೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ಮುರುಕು ಹಿಂದಿಯಲ್ಲಿ ಶುರುಮಾಡಿದಳು. ಮಧ್ಯೆ ಒಂದು 'ಭಾಳ' ನುಸುಳಿತು. "ಯಾವೂರವಾ?" ಎಂದೆ. ಅವಳ ಮುಖ ಅರಳಿದ್ದು ನೋಡಬೇಕಿತ್ತು.

"ಅಕ್ಕಾರ, ನೀವು ನಮ್ಮ ಕಡೇವ್ರೇನ್ರಿ? ದೇವರ ಬಂದಂಗ ಬಂದ್ರಿ ನೋಡ್ರಿ. ನನ್ನ ಫೋನಿಗೆ ಟವರ್ ಸಿಗವಲ್ದು. ಕೆಲಸ ಮಾಡೋ ಸೆಲ್ಲಾರದಾಗ ಒಂದ ಕಡ್ಡೀನೂ ಇಲ್ಲ."

ನನ್ನ ಪ್ರಶ್ನೆ ಕೇಳಿದೆ. "ಯಾರ ಕೂಡ ಜಾಸ್ತಿ ಮಾತಾಡತೀ?"

"ನಮ್ಮ ಅವ್ವನ ಕೂಡ" ಎಂದಳು. ಆಮೇಲೆ, "ಆದ್ರ ಮಾತಾಡಂಗಿಲ್ರಿ" ಎಂದಳು.

ಕಥೆ ಇಷ್ಟು. ಶರಣಮ್ಮ ಮದುವೆಯಾದದ್ದು ಬೇರೆ ಜಾತಿಯವನನ್ನು, ಹೈದರಾಬಾದಿನ ಕೆಲಸದಲ್ಲಿ ಸಿಕ್ಕವನನ್ನು. ಊರಿನಲ್ಲಿ ಅಣ್ಣಂದಿರು ಬೆಂಕಿಯಾದರು. ಇನ್ನು ಅವಳ ಜೊತೆ ಮಾತಾಡಿದರೆ ನಮ್ಮ ಹೆಣ ಕಂಡಂತೆ ಎಂದು ತಾಯಿಯಿಂದ ದೇವರ ಮುಂದೆ ಆಣೆ ಮಾಡಿಸಿಕೊಂಡರು. ಅದಾಗಿ ಎರಡು ವರ್ಷ. ಆದರೆ ಹಿಂದೆ ಸಂಬಳದಲ್ಲಿ ಮನೆಗೊಂದು ಫೋನು ಕೊಡಿಸಿದವಳು ಇವಳೇ. ಅಕ್ಷರ ಬಾರದ ತಾಯಿಗೆ ಅನುಕೂಲವಾಗಲಿ ಎಂದು ಎರಡನೇ ಗುಂಡಿ ಒತ್ತಿ ಹಿಡಿದರೆ ತನಗೇ ಕರೆ ಬರುವಂತೆ ಆಗಲೇ ಇಟ್ಟುಕೊಟ್ಟಿದ್ದಳು. ಆ ಫೋನನ್ನು ಅಣ್ಣಂದಿರು ಬೆಳಿಗ್ಗೆ ಚಾರ್ಜಿಗೆ ಹಾಕಿ ಹೊಲಕ್ಕೆ ಹೋಗುತ್ತಾರೆ. ಆಗ ತಾಯಿ ಆ ಗುಂಡಿ ಒತ್ತುತ್ತಾಳೆ. ಒಂದು ರಿಂಗು. ಕಟ್.

"ಮಾತಾಡಬಾರದು ಅಂತ ಆಣಿ ಮಾಡಿಸ್ಯಾರ್ರಿ. ರಿಂಗ್ ಕೊಡಬಾರದು ಅಂತ ಮಾಡಿಸಿಲ್ಲಲ್ರಿ?" ಎಂದು ಶರಣಮ್ಮ ನಕ್ಕಳು. ಕಣ್ಣು ಮಾತ್ರ ನಗಲಿಲ್ಲ.

ನೆಲದಡಿಯ ಆ ಸೆಲ್ಲಾರಿನಲ್ಲಿ ಸಿಗ್ನಲ್ ಇಲ್ಲವೆಂದು ಅವಳು ದಿನವೂ ಆ ಹೊತ್ತಿಗೆ ಬುಟ್ಟಿ ಇಳಿಸಿ, ಕಟಕಟೆಯಿಲ್ಲದ ಮೆಟ್ಟಿಲು ಹತ್ತಿ, ಮೇಲಿನ ಸ್ಲ್ಯಾಬಿಗೆ ಹೋಗಿ ಫೋನು ಹಿಡಿದು ನಿಲ್ಲುತ್ತಿದ್ದಳು. ಒಂದು ದಿನವೂ ತಪ್ಪಿಸಿರಲಿಲ್ಲ. ಮೇಸ್ತ್ರಿ ಬೈದು ಬೈದು ಸಾಕಾಗಿ, ಇನ್ನು ಹೀಗೆಯೇ ಮಾಡಿದರೆ ಗುಂಪಿನಿಂದ ತೆಗೆಯುತ್ತೇನೆ ಎಂದಿದ್ದ.

"ಅವ್ವಗ ರಿಂಗ್ ಹೋಗಲಿಲ್ಲಂದ್ರ ಏನ್ ತಿಳಕೋತಾಳ ಹೇಳ್ರಿ. ನಾನು ಇಲ್ಲ ಅಂತ ತಿಳಕೋತಾಳ. ಅದಕ್ಕ ಅಕ್ಕಾರ, ನನಗ ಕಂಪನಿ ಬದಲಾಗಬೇಕು, ನಂಬರ್ ಬದಲಾಗಬಾರದು. ಅಂಥಾದ್ದು ಏನರ ಐತೇನ್ರಿ?"

"ಗಂಡ ಬ್ಯಾಡ, ಅತ್ತಿ ಬೇಕು ಅಂದಂಗಾತಲ್ಲವಾ!" ಎಂದು ನಕ್ಕುಬಿಟ್ಟೆ. ಆಗಿನ ಕಾಲಕ್ಕೆ ಕಂಪನಿ ಬಿಟ್ಟರೆ ನಂಬರೂ ಬಿಟ್ಟ ಹಾಗೆಯೇ. ಅವಳದು ಎದುರಾಳಿ ಕಂಪನಿಯ ಸಿಮ್ಮು. ಕರೆಯನ್ನು ಇನ್ನೊಂದು ನಂಬರಿಗೆ ತಿರುಗಿಸುವ ಸೌಲಭ್ಯವೂ ಅವಳ ಅಗ್ಗದ ಪ್ಲಾನಿಗೆ ಇರಲಿಲ್ಲ. ಹೊಸ ನಂಬರು ತಾಯಿಗೆ ತಿಳಿಸೋಣವೆಂದರೆ ಗುಂಡಿಗೆ ಅದನ್ನು ಸೇರಿಸುವವರು ಯಾರು? ಅಣ್ಣಂದಿರೇ? ನಾನು ಫೋನಿಟ್ಟುಕೊಂಡು ಅವಳ ಸೆಲ್ಲಾರಿಗೆ ಹೋಗಿ ನೋಡಿದೆ. ನಮ್ಮ ಕಂಪನಿಗೆ ಅಲ್ಲಿ ಎರಡು ಕಡ್ಡಿ ಚೆನ್ನಾಗಿಯೇ ಇತ್ತು. ಏನುಪಯೋಗ? "ಈಗಿರೋದನ್ನ ಬಿಡಬ್ಯಾಡ. ಮೆಟ್ಟಲಾ ಹತ್ತುವಾಗ ಗ್ವಾಡಿ ಹಿಡಕೊಂಡು ಹತ್ತು" ಎಂದು ಹೇಳಿ ಕಳಿಸಿದೆ.

ಪ್ರಸಾದ್ ಗಾರು ಕೇಳಿಸಿಕೊಂಡು, "ಬಂದ ಗಿರಾಕಿಯನ್ನ ಹಿಂದಕ್ಕೆ ಕಳಿಸಿದೆಯಾ ತಲ್ಲೀ?" ಎಂದರು. ವಿಷಯ ಹೇಳಿದೆ. ಮೀಸೆ ತಿರುವಿಕೊಂಡು ತಮ್ಮ ಕುರ್ಚಿಗೆ ಹಿಂದಿರುಗಿದರು. ಅವರಿಗೂ ಊರಿನಲ್ಲಿ ತಾಯಿಯಿದ್ದರು.

ಶರಣಮ್ಮ ಆಮೇಲೆ ಸಂತೆಗೆ ಬಂದಾಗಲೆಲ್ಲ ನಮ್ಮ ಬಾಗಿಲಲ್ಲಿ ಇಣುಕಿ, "ಅಂಥಾದ್ದು ಬಂತೇನ್ರಿ ಅಕ್ಕಾರ?" ಎಂದು ಕೇಳಿ ಹೋಗುವುದನ್ನು ರೂಢಿ ಮಾಡಿಕೊಂಡಳು. ನಾನು ಇಲ್ಲವೆನ್ನುವುದನ್ನು ರೂಢಿ ಮಾಡಿಕೊಂಡೆ. ಹೀಗಿರುವಾಗ ಒಂದು ದಿನ ಅಂಥಾದ್ದು ನಿಜವಾಗಿಯೂ ಬಂತು. ನಂಬರು ಹಳೆಯದೇ ಇಟ್ಟುಕೊಂಡು ಕಂಪನಿ ಬದಲಿಸಬಹುದು ಎಂದು ಸರ್ಕಾರದ ನಿಯಮವಾಯಿತು. ಷೋರೂಮಿನಲ್ಲಿ ಬಲೂನು ಕಟ್ಟಿದೆವು. ರಸ್ತೆಯ ಆಚೆಯವರೂ ಕಟ್ಟಿದರು. ದೂರದ ಬೆಟ್ಟ ನುಣ್ಣಗೆ ಅಂತ ನಮ್ಮವರು ಅಲ್ಲಿಗೆ, ಅಲ್ಲಿಯವರು ನಮ್ಮಲ್ಲಿಗೆ ರಸ್ತೆ ದಾಟತೊಡಗಿದರು. ಆ ಗದ್ದಲದಲ್ಲಿ ನನಗೆ ಮೊದಲು ನೆನಪಾದದ್ದು ಶರಣಮ್ಮ. ಊಟದ ಹೊತ್ತಿನಲ್ಲಿ ನಾನೇ ಸೈಟಿಗೆ ಹೋಗಿ ಕರೆತಂದೆ.

ಮೆಸೇಜು ಕಳಿಸಿ, ಕೋಡು ತರಿಸಿ, ಕಾಗದಪತ್ರ ಹೊಂದಿಸಿ, ಹೊಸ ಸಿಮ್ಮನ್ನು ಕೈಗೆ ಕೊಟ್ಟೆ. ಅವಳು ಅದನ್ನು ಕುಂಕುಮದ ಭರಣಿಯಲ್ಲಿಟ್ಟು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಕೆಲವು ದಿವಸ ಬಿಟ್ಟು ಒಂದು ರಾತ್ರಿ ಹಳೇ ಸಿಮ್ ಸಾಯ್ತೈತಿ. ಮುಂಜಾನೆ ಹೊಸಾದು ಹಾಕು. ಅಷ್ಟರಾಗ ಟವರ್ ಬಂದಿರತೈತಿ" ಎಂದೆ.

"ನಡುವ ಅವ್ವನ ರಿಂಗ್ ತಪ್ಪಂಗಿಲ್ಲಲ್ರಿ?"

"ಇಲ್ಲವಾ. ಅಕಿ ಏಳೋದರಾಗ ಆಗಿರತೈತಿ."

ಆ ದಿನ ಬಂತು. ಬೆಳಿಗ್ಗೆ ನಾನು ರೈಲಿಳಿದು ಷೋರೂಮಿಗೆ ಬಂದರೆ ಮುಚ್ಚಿದ ಷಟರಿನ ಮುಂದೆ ಶರಣಮ್ಮ ಕುಕ್ಕರುಗಾಲಲ್ಲಿ ಕೂತಿದ್ದಾಳೆ. ಕೆಲಸಕ್ಕೆ ಹೋಗಿರಲಿಲ್ಲ. ಹಳೆಯ ಸಿಮ್ಮು ರಾತ್ರಿಯೇ ಸತ್ತಿತ್ತು. ಹೊಸದು ಜೀವ ಹಿಡಿದಿರಲಿಲ್ಲ. ನಂಬರು ಎರಡು ಕಂಪನಿಗಳ ನಡುವೆ ಎಲ್ಲೋ ತ್ರಿಶಂಕುವಾಗಿ ನೇತಾಡುತ್ತಿತ್ತು.

"ಅವ್ವನ ಹೊತ್ತು ಆಗಿಹೋತ್ರಿ ಅಕ್ಕಾರ" ಎಂದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಷಟರು ತೆಗೆದು ಅವಳನ್ನು ಒಳಗೆ ಕರೆದೆ. ಪ್ರಸಾದ್ ಗಾರು ಬಂದರು. ಏನಾಯಿತು ಎಂದು ಕೇಳಿದರು. ಹೇಳಿದೆ. ಆ ಮನುಷ್ಯ ತಮ್ಮ ಕೋಣೆಯೊಳಗೆ ಹೋಗಿ ತಮ್ಮ ಸ್ವಂತ ಕುರ್ಚಿಯನ್ನು ಎತ್ತಿಕೊಂಡು ಬಂದು ಶರಣಮ್ಮನ ಮುಂದೆ ಇಟ್ಟು, "ಕೂಚೋ ತಲ್ಲೀ" ಎಂದರು. ಕೂತ್ಕೋ ತಾಯಿ ಅಂತ. ಅಷ್ಟು ವರ್ಷಗಳಲ್ಲಿ ನಮ್ಮ ಷೋರೂಮಿನಲ್ಲಿ ಗಿರಾಕಿಯೊಬ್ಬರು ಕೂತದ್ದು ನಾನು ಕಂಡದ್ದು ಅದೇ ಮೊದಲು. ಅವಳು ಕುರ್ಚಿಯ ತುದಿಯಲ್ಲಿ ಕೂತಳು. ಅವರು ನಿಂತೇ ಹೆಡ್ ಆಫೀಸಿಗೆ ಫೋನು ಹಚ್ಚಿದರು. ಒಬ್ಬರಿಂದ ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ. ಒಬ್ಬ ದೊಡ್ಡ ಅಧಿಕಾರಿ ಒಂದು ಪ್ರೀಪೇಯ್ಡ್ ನಂಬರಿಗೆ ಇಷ್ಟು ಗಲಾಟೆಯೇ ಎಂದನಂತೆ. ಪ್ರಸಾದ್ ಗಾರು ಆವತ್ತು ಅವನಿಗೆ ಹೇಳಿದ ತೆಲುಗನ್ನು ನಾನು ಇಲ್ಲಿ ಬರೆಯಲಾರೆ. ತಲ್ಲಿ ಎಂಬ ಪದ ಅದರಲ್ಲಿ ಇರಲಿಲ್ಲ.

ಹತ್ತು ದಾಟಿ ಎಷ್ಟೋ ಹೊತ್ತಾದ ಮೇಲೆ ಅವಳ ಫೋನಿನಲ್ಲಿ ಒಂದು ಕಡ್ಡಿ ಕಂಡಿತು. ಎರಡಾಯಿತು. ನಾಲ್ಕಾಯಿತು. ಪ್ರಸಾದ್ ಗಾರು ಮೀಸೆಯಲ್ಲೇ ನಕ್ಕರು. ಶರಣಮ್ಮ ನಗಲಿಲ್ಲ.

"ಅವ್ವ ಒಂದ ಸಲ ಮಾಡ್ತಾಳ್ರಿ, ಎರಡನೇ ಸಲ ಮಾಡಂಗಿಲ್ಲ. ಅಕಿ ಈಗ ಏನ್ ತಿಳಕೊಂಡಾಳೋ ಏನೋ."

ಆಗ ಫೋನು ರಿಂಗಾಯಿತು.

ಶರಣಮ್ಮ ಅದನ್ನು ಅಂಗೈಯಲ್ಲಿ ಹಿಡಿದು ನೋಡಿದಳು. ಊರಿನ ನಂಬರು. ಅವಳ ಮುಖಕ್ಕೆ ಜೀವ ಬಂತು. ಒಂದು ರಿಂಗು ಮುಗಿಯಿತು. ನಾವು ಮೂವರೂ ಅದು ಕಟ್ಟಾಗುವುದನ್ನು ಕಾದೆವು. ಕಟ್ಟಾಗಲಿಲ್ಲ. ಎರಡನೆಯದು ಬಂತು. ಮೂರನೆಯದು. ಅಷ್ಟು ವರ್ಷದಲ್ಲಿ ಎಂದೂ ಹಾಗಾಗಿರಲಿಲ್ಲವಾದ್ದರಿಂದ ಅವಳು ಏನು ಮಾಡಬೇಕೆಂದೇ ತಿಳಿಯದೆ ನನ್ನ ಮುಖ ನೋಡಿದಳು.

"ಎತ್ತವಾ! ಎತ್ತು!" ಎಂದು ಕೂಗಿದೆ.

ಎತ್ತಿದಳು. ಆ ಕಡೆಯ ದನಿ ನಮಗೆಲ್ಲ ಕೇಳುವಷ್ಟು ಜೋರಾಗಿತ್ತು.

"ಶರಣೀ! ಯಾರಕಿ ಅಕಿ? ನಿನ್ನ ಫೋನ್ ಎತ್ತಿದಾಕಿ ಯಾರು?"

"ಅವ್ವಾ..."

"ಮುಂಜಾನಿಂದ ಒಬ್ಬಾಕಿ ತೆಲುಗಿನಾಕಿ ಎತ್ತತಾಳ. ನಾನೂ ಹೇಳೇ ಹೇಳತೀನಿ, ಯವ್ವಾ ತಾಯಿ, ನನ್ನ ಮಗಳು ಶರಣಮ್ಮಗ ಕೊಡು, ಒಂದ ಸಲ ಕೊಡು, ಅಕಿ ಆರಾಮ ಅದಾಳಿಲ್ಲ ಅಷ್ಟರ ಹೇಳು ಅಂತ. ಒಂದೂ ಕೇಳಂಗಿಲ್ಲ, ತಾ ಹೇಳಿದ್ದ ಹೇಳತಾಳ. ಸಿಟ್ಟಿಗೂ ಏಳಂಗಿಲ್ಲ. ಎಷ್ಟ ಸಲ ಮಾಡೀನಿ ಗೊತ್ತೈತೇನು? ನಿನಗೇನರ ಆತು ಅಂತ ನನ್ನ ಎದಿ ಒಡದಿತ್ತು."

ನಂಬರು ಸ್ವಿಚ್ ಆಫ್ ಆಗಿದೆ ಎಂದು ಹೇಳುವ ಕಂಪನಿಯ ರೆಕಾರ್ಡಿನ ಹೆಂಗಸು ಅವಳು. ಆ ತಾಯಿ ಅವಳ ದನಿಯನ್ನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಮಗಳು ಮೆಟ್ಟಿಲು ಹತ್ತಿ ಹತ್ತಿ ಕೇಳದ ಹಾಗೆ ನೋಡಿಕೊಂಡಿದ್ದಳು.

ಶರಣಮ್ಮ ಅಳುತ್ತಿದ್ದಳು. "ಅವ್ವಾ, ಮಾತಾಡಾಕತ್ತೀಯಲ್ಲ... ಆಣಿ..."

"ಸುಡು ಅದನ್ನ! ನೀ ಇದ್ದೀಯೋ ಇಲ್ಲೋ ಅನ್ನೋದ ತಿಳೀಲಿಲ್ಲಂದ್ರ ಎಂಥಾ ಆಣಿ ಅದು? ರೊಟ್ಟಿ ತಿಂದೀಯೇನು?"

"ಇಲ್ಲವ್ವಾ. ಇನ್ನೂ ಇಲ್ಲ."

"ತಿನ್ನು ಮೊದಲ. ಇಡತೀನಿ, ಕರೆನ್ಸಿ ಓಡಾಕತ್ತೈತಿ. ನಿಮ್ಮಣ್ಣ ಕೇಳ್ತಾನ."

ಕಟ್ಟಾಯಿತು. ಕನ್ನಡ ಬಾರದ ಪ್ರಸಾದ್ ಗಾರು, "ಏನಂದರು ತಲ್ಲೀ?" ಎಂದು ನನ್ನನ್ನು ಕೇಳಿದರು. ಊಟ ಆಯಿತಾ ಅಂತ ಕೇಳಿದರು ಎಂದಷ್ಟೇ ಹೇಳಿದೆ. ಅವರು ಕಣ್ಣೊರೆಸಿಕೊಂಡು ಇಡ್ಲಿ ತರಲು ತಾವೇ ಹೊರಟರು. ಹೋಟೆಲು ಇದ್ದದ್ದು ಎದುರಾಳಿ ಕಂಪನಿಯ ಪಕ್ಕದಲ್ಲಿ. ಅವರು ಆ ರಸ್ತೆ ದಾಟಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಅವರು ಬಾಗಿಲು ದಾಟುವಷ್ಟರಲ್ಲಿ ಫೋನು ಮತ್ತೆ ರಿಂಗಾಯಿತು. ಒಂದೇ ರಿಂಗು. ಕಟ್. ಶರಣಮ್ಮ ಅದನ್ನೇ ನೋಡುತ್ತ ಕೂತಳು. ಅಷ್ಟು ವರ್ಷ ಆ ಒಂದು ರಿಂಗಿಗೆ ಅವಳಿಗೆ ತಿಳಿದಿದ್ದ ಅರ್ಥ, ಅವ್ವ ಇದ್ದಾಳೆ ಎಂದಷ್ಟೆ.

"ನೋಡ್ತಾ ಕುಂತ್ರ ಹೆಂಗ?" ಎಂದೆ. "ಅಕಿ ಕರೆನ್ಸಿ ಉಳಿಸಾಕತ್ತಾಳ. ನೀನ ಮಾಡು ಅನ್ನಾಕತ್ತಾಳ."

ಶರಣಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಬೆನ್ನು ಆನಿಸಿ ಕುರ್ಚಿಯ ತುಂಬ ಕೂತು, ಊರಿನ ನಂಬರಿಗೆ ತಾನೇ ಫೋನು ಹಚ್ಚಿದಳು.